ಹೆಸರು ಬರೆದರೆ ಪುಟವೇ ಇಲ್ಲ!

ಸರ್ಕಾರಿ ಅರ್ಜಿಯಲ್ಲಿ ಮೊದಲು ಕೇಳುವುದು ಹೆಸರು. ಅದನ್ನು ತುಂಬಿ ‘ಸಲ್ಲಿಸಿ’ ಒತ್ತಿದರೆ 404, ಪುಟ ಸಿಗಲಿಲ್ಲ. ಹೆಸರು ಖಾಲಿ ಬಿಟ್ಟು ಒತ್ತಿ ನೋಡಿ, ಆರಾಮಾಗಿ ಹೋಗುತ್ತದೆ! ಯಾವ ಇಲಾಖೆ ಅಂತ ಕೇಳಬೇಡಿ. ವರ್ಡ್‌ಪ್ರೆಸ್ ಅನ್ನುವ ಸಿದ್ಧ ತಂತ್ರಾಂಶದಲ್ಲಿ ಸೈಟ್ ಕಟ್ಟಿಸಿ, ಅರ್ಜಿ ಫಾರ್ಮನ್ನು ಕಡಿಮೆ ರೇಟಿಗೆ ಬರೆಸಿದ ಯಾವ ಇಲಾಖೆಗೂ ಈ ಭಾಗ್ಯ ಬರಬಹುದು.

ವಿಷಯ ಇಷ್ಟೇ. ‘ನೇಮ್’, ‘ಇಯರ್’, ‘ಡೇ’, ಇಂಥ ಕೆಲವು ಪದಗಳನ್ನು ವರ್ಡ್‌ಪ್ರೆಸ್ ತನಗೇ ಅಂತ ಎತ್ತಿಟ್ಟುಕೊಂಡಿದೆ. ಫಾರ್ಮ್ ಮಾಡಿದವರು ಖಾನೆಗೆ ‘ನೇಮ್’ ಅಂತ ಹೆಸರಿಟ್ಟರೆ, ಅದರೊಳಗೆ ಬಿದ್ದದ್ದೆಲ್ಲ ಅದರ ಲೆಕ್ಕದಲ್ಲಿ ಯಾವುದೋ ಲೇಖನದ ವಿಳಾಸ. ರಾಮಕ್ಕ ಅಂತ ಬರೆದರೆ ರಾಮಕ್ಕ ಅನ್ನುವ ಪುಟ ಹುಡುಕಿಕೊಂಡು ಹೊರಡುತ್ತದೆ. ಅಂಥದ್ದು ಎಲ್ಲಿಂದ ಸಿಗಬೇಕು? ಖಾನೆಯ ಹೆಸರನ್ನು ‘ಅರ್ಜಿದಾರ’ ಅಂತ ಬದಲಿಸಿದರೆ ಮುಗೀತು, ಒಂದು ಪದದ ಕೆಲಸ. ಆದರೆ ಒಂದು ಪದ ಬದಲಿಸುವುದಕ್ಕೂ ಫೈಲ್ ಮೇಲೆ ಹೋಗಬೇಕಲ್ಲ.

ಅಲ್ಲಿಯವರೆಗೆ ಸಹಾಯವಾಣಿ ಇದೆ.

“ಪುಟ ಇಲ್ಲ ಅಂತಿದೆಯಲ್ಲಪ್ಪಾ.”

“ಮೇಡಂ, ನಮ್ಮಲ್ಲಿ ಓಪನ್ ಆಗ್ತಿದೆ. ಕ್ಯಾಶ್ ಕ್ಲಿಯರ್ ಮಾಡಿ.”

“ಕ್ಯಾಶ್ ಕೊಡೋದು ಇದ್ದಿದ್ರೆ ನಾನು ಕಚೇರಿಗೇ ಬರ್ತಿದ್ದೆ.”

ಹುಡುಗ ಹೇಳಿದ್ದು ಬ್ರೌಸರ್ ಎತ್ತಿಟ್ಟುಕೊಂಡ ಹಳೆಯ ಪುಟಗಳನ್ನು ಅಳಿಸಿ ಅಂತ. ಸುಳ್ಳೂ ಹೇಳುತ್ತಿಲ್ಲ. ಅವನು ಪರೀಕ್ಷೆ ಮಾಡುವುದು ಖಾಲಿ ಫಾರ್ಮನ್ನು.

ಇಷ್ಟರಲ್ಲಿ ಮೇಲಿನವರೊಬ್ಬರಿಗೆ ಪುಟಗಳ ವಿಳಾಸಗಳು ಚಂದ ಇರಬೇಕು ಅನಿಸುತ್ತದೆ. ಪ್ರಶ್ನಾರ್ಥಕ ಚಿಹ್ನೆ, ಈಕ್ವಲ್ ಟು ಎಲ್ಲ ಕಾಣಬಾರದು, ತಾಲ್ಲೂಕು, ಓರೆಗೆರೆ, ಸುಳ್ಯ ಅಂತ ನೀಟಾಗಿ ಬರಬೇಕು. ಸರಿ, ಚಂದದ ವಿಳಾಸವನ್ನು ಒಳಗಿನ ವಿಳಾಸಕ್ಕೆ ತಿರುಗಿಸುವ ರೀರೈಟ್ ನಿಯಮ ಸೇರಿಸುತ್ತಾರೆ. ಆದರೆ ಯಾವ ತಾಲ್ಲೂಕು ಬೇಕು ಅಂತ ವಿಳಾಸದಲ್ಲಿ ತಿಳಿಸುವ ‘ತಾಲ್ಲೂಕು’ ಅನ್ನುವ ಹೊಸ ಕ್ವೆರಿ ಪ್ಯಾರಾಮೀಟರನ್ನು ಬೇರೆಯಾಗಿ ನೋಂದಾಯಿಸಬೇಕು ಅನ್ನೋದು ಮರೆತುಹೋಗುತ್ತದೆ. ನೋಂದಣಿ ಇಲ್ಲದ ಪ್ಯಾರಾಮೀಟರನ್ನು ವರ್ಡ್‌ಪ್ರೆಸ್ ಸದ್ದಿಲ್ಲದೆ ಬಿಸಾಕುತ್ತದೆ, ತಪ್ಪು ಅಂತಲೂ ಹೇಳುವುದಿಲ್ಲ. ಹೀಗಾಗಿ ಸುಳ್ಯದವರು ಒತ್ತಿದರೂ, ಔರಾದ್‌ನವರು ಒತ್ತಿದರೂ ಬರುವುದು ಪಟ್ಟಿಯಲ್ಲಿ ಮೊದಲಿರುವ ಅಂಕೋಲಾದ ಫಲಾನುಭವಿಗಳೇ. ಪ್ರಾದೇಶಿಕ ಅಸಮಾನತೆ ಇಷ್ಟು ಸುಲಭವಾಗಿ ನಿವಾರಣೆ ಆಗಿದ್ದು ಇದೇ ಮೊದಲು.

ನೋಂದಣಿ ಮಾಡಿದರೂ ಇನ್ನೊಂದು ಶಾಸ್ತ್ರ ಬಾಕಿ ಇರುತ್ತದೆ. ನಿಯಮಗಳ ಪಟ್ಟಿ ಡೇಟಾಬೇಸ್‌ನಲ್ಲಿ ಕೂತಿರುತ್ತದೆ. ಹೊಸ ನಿಯಮ ಅದರೊಳಗೆ ಹೋಗಬೇಕಾದರೆ ಸೆಟ್ಟಿಂಗ್ಸ್‌ನಲ್ಲಿ ವಿಳಾಸಗಳ ರೂಪ ಆರಿಸುವ ಪರ್ಮಲಿಂಕ್ಸ್ ಪುಟ ತೆರೆದು, ಏನನ್ನೂ ಮುಟ್ಟದೆ, ಸುಮ್ನೆ ಸೇವ್ ಒತ್ತಬೇಕು. ಏನನ್ನೂ ಓದದೆ ಸಹಿ ಹಾಕುವುದರಲ್ಲಿ ನಮ್ಮ ಕಚೇರಿಗಳಿಗೆ ಸಾಟಿ ಯಾರು? ಆದರೂ ಇದೊಂದು ಆಗುವುದಿಲ್ಲ. ಯಾಕೆಂದರೆ ಪಾಸ್‌ವರ್ಡ್ ಇರುವುದು ಗುತ್ತಿಗೆದಾರನ ಹತ್ತಿರ, ಅವನ ಗುತ್ತಿಗೆ ಮುಗಿದದ್ದು ಮಾರ್ಚ್ 31ಕ್ಕೆ.

ಕನ್ನಡಾಭಿಮಾನದ ಕಥೆ ಇನ್ನೂ ಚೆನ್ನಾಗಿದೆ. ವಿಳಾಸವೂ ಕನ್ನಡದಲ್ಲೇ ಇರಲಿ ಅಂತ ಆದೇಶ ಆಗುತ್ತದೆ. ಒಳ್ಳೆಯದೇ. ಆದರೆ ಒಳಗೆ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತ ಚಿಹ್ನೆ ಕೂಡ ಪರ್ಸೆಂಟ್ ಚಿಹ್ನೆ ಹಾಕಿಕೊಂಡು 9 ಅಕ್ಷರವಾಗಿ ಉಬ್ಬುತ್ತದೆ, ಒಂದು ಒತ್ತು ಬಂದರೆ 18. ‘ಪಡಿತರ-ಚೀಟಿ’ ಅನ್ನುವುದಕ್ಕೇ 82 ಅಕ್ಷರ. ವಾಟ್ಸಾಪ್‌ನಲ್ಲಿ ಕಳಿಸಿದರೆ ಪರ್ಸೆಂಟ್ ಇ ಸೊನ್ನೆ, ಪರ್ಸೆಂಟ್ ಬಿ ಎರಡು ಅಂತ ಶುರುವಾಗಿ ಪರದೆ ತುಂಬುತ್ತದೆ, ನೋಡಿದವರು ವೈರಸ್ ಅಂತ ಡಿಲೀಟ್ ಮಾಡುತ್ತಾರೆ. ಇದಕ್ಕೆ ವರ್ಡ್‌ಪ್ರೆಸ್ ಕೊಡುವ ಜಾಗ ಒಟ್ಟು 200 ಅಕ್ಷರ. ‘ಗ್ರಾಮ ಪಂಚಾಯಿತಿ ಕಾರ್ಯದರ್ಶಿಗಳ ವರ್ಗಾವಣೆ’ ಅಂತ ಶೀರ್ಷಿಕೆ ಕೊಟ್ಟರೆ ಅದರಿಂದ ಆಗುವ ವಿಳಾಸದಲ್ಲಿ ‘ಕಾರ್ಯದರ್ಶ’ ಅನ್ನುವಷ್ಟರಲ್ಲಿ ಜಾಗ ಖಾಲಿ. ‘ಶಿ’ಯ ಗುಣಿತವೂ ಹೋಯಿತು, ವರ್ಗಾವಣೆಯೂ ಹೋಯಿತು. ಮರುವಾರ ‘ಗ್ರಾಮ ಪಂಚಾಯಿತಿ ಕಾರ್ಯದರ್ಶಿಗಳ ಅಮಾನತು’ ಹಾಕಿದರೆ ಅದೂ ಅಲ್ಲೇ ಬಂದು ಕತ್ತರಿಸಿಕೊಳ್ಳುತ್ತದೆ, ಬಾಲಕ್ಕೆ ಒಂದು 2 ಅಂಟಲು ಜಾಗ ಬೇಕಲ್ಲ ಅಂತ ‘ಶ’ ಕೂಡ ಹೋಗುತ್ತದೆ ಅಷ್ಟೆ. ಲಿಂಕ್ ಬಂದ ಕಾರ್ಯದರ್ಶಿಗೆ ಗಂಟುಮೂಟೆ ಕಟ್ಟಬೇಕೋ, ವಕೀಲರನ್ನು ಹಿಡಿಯಬೇಕೋ ಒತ್ತಿ ನೋಡುವ ತನಕ ಗೊತ್ತಾಗುವುದಿಲ್ಲ.

ಕೊನೆಗೆ ದೂರುಗಳು ಜಾಸ್ತಿಯಾದಾಗ ಎಲ್ಲರೂ ಸೇರಿ ಹೊಸ ಸೈಟನ್ನೇ ಉದ್ಘಾಟಿಸುತ್ತಾರೆ. ವಿಳಾಸ ಒಮ್ಮೆ ಕೊಟ್ಟ ಮೇಲೆ ಬದಲಿಸಬೇಡಿ ಅಂತ ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿಟ್ಟಿದ್ದಾರೆ, ಪಾಪ. ಇಲ್ಲಿ ಹಳೆಯ ಲಿಂಕ್‌ಗಳೆಲ್ಲ ಒಂದೇ ರಾತ್ರಿಯಲ್ಲಿ ಸಾಯುತ್ತವೆ. ಹಳೆಯದನ್ನು ಹೊಸದಕ್ಕೆ ಒಂದೊಂದಾಗಿ ಜೋಡಿಸುವ ತಾಳ್ಮೆ ಯಾರಿಗಿದೆ? ಸಿಗದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸಿಬಿಡುತ್ತಾರೆ. ನೀವು ಬರ ಪರಿಹಾರ ಕೇಳಿ, ಪಹಣಿ ಕೇಳಿ, 2016ರ ಸುತ್ತೋಲೆ ಕೇಳಿ, ಎದುರಿಗೆ ಬರುವುದು ಸಚಿವರ ಫೋಟೋ ಮತ್ತು ಓಡುವ ‘ಸುಸ್ವಾಗತ’. ತಿಂಗಳ ವರದಿಯಲ್ಲಿ ‘ಸಿಗದ ಪುಟಗಳು’ ಅನ್ನುವ ಕಾಲಂನಲ್ಲಿ ಸೊನ್ನೆ, ‘ಮುಖಪುಟಕ್ಕೆ ಭೇಟಿ ಕೊಟ್ಟವರು’ ಅನ್ನುವ ಕಾಲಂನಲ್ಲಿ ದಾಖಲೆ. ಆ ವರದಿ ಹಿಡಿದುಕೊಂಡು ಇಲಾಖೆ ಈಗ ಇ-ಆಡಳಿತ ಪ್ರಶಸ್ತಿಗೆ ಅರ್ಜಿ ಹಾಕಿದೆಯಂತೆ.