ಪ್ರಶ್ನೆಪತ್ರಿಕೆ ತುಂಬಾ ಬರೀ ಪೌಂಡ್ ಪೌಂಡ್

ಮನೆಗೆ ಬಂದು ಮೂರು ಗಂಟೆಯಾಯಿತು. ಕೈ ನಡುಗುವುದು ಇನ್ನೂ ನಿಂತಿಲ್ಲ. ಅಮ್ಮ ಕಾಫಿ ಇಟ್ಟು ಹೋದಳು, ಅದು ಆರಿ ತಣ್ಣಗಾಗಿದೆ. ಆ ಪಿನ್ ಕಿತ್ತದ್ದೇ ಮತ್ತೆ ಮತ್ತೆ ನೆನಪಾಗುತ್ತಿದೆ. ಹೆಡ್‌ಫೋನ್ ಪಿನ್. ಪರೀಕ್ಷೆಯ ನಡುವೆ ಸರ್ ಒಂದು ಮಾತು ಕೇಳಲಿಲ್ಲ, ಸೀದಾ ಬಂದು ಕಿತ್ತರು.

ನನಗೆ ಅಕ್ಷರ ಓದುವಷ್ಟು ಕಣ್ಣು ಕಾಣುವುದಿಲ್ಲ. ಅದಕ್ಕೇ ಹದಿನೈದು ದಿನದ ಹಿಂದೆಯೇ ಅರ್ಜಿ ಕೊಟ್ಟಿದ್ದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಕಾರ್ಡಿನ ಜೆರಾಕ್ಸ್ ಲಗತ್ತಿಸಿಯೇ ಕೊಟ್ಟಿದ್ದೆ. ಪ್ರಶ್ನೆಪತ್ರಿಕೆ ಕಂಪ್ಯೂಟರಿನಲ್ಲಿ ಕೊಡಿ, ಯುನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರಿಗೂ ಕನ್ನಡ ಎಂದೇ ಗೊತ್ತಾಗುವ ಅಕ್ಷರದಲ್ಲಿ ಟೈಪ್ ಮಾಡಿ ಕೊಡಿ, ಎನ್‌ವಿಡಿಎ ಹಾಕಿರುವ ಕಂಪ್ಯೂಟರ್ ಕೊಡಿ. ಇಷ್ಟೇ ಕೇಳಿದ್ದು. ಎನ್‌ವಿಡಿಎ ಉಚಿತ ಸಾಫ್ಟ್‌ವೇರ್. ಕಾಲೇಜಿಗೆ ಒಂದು ರೂಪಾಯಿ ಖರ್ಚಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ, ಕನ್ನಡ ದನಿಯೂ ಅದರಲ್ಲೇ ಇದೆ. ನಾನೇ ಪೆನ್‌ಡ್ರೈವ್‌ನಲ್ಲಿ ತಂದು ಕೊಟ್ಟೆ. ನಿನ್ನೆ ಹೋಗಿ, ಸರ್ ಒಂದು ಸಲ ಹಾಕಿ ನೋಡೋಣ, ಹತ್ತೇ ನಿಮಿಷ ಎಂದು ಕೇಳಿಕೊಂಡೆ. "ನಾಳೆ ನೋಡ್ಕೊಳೋಣ ಬಾಮ್ಮ" ಎಂದರು.

ಹಿಂದಿನ ದಿನ ಕಂಪ್ಯೂಟರ್ ಪರೀಕ್ಷಿಸಿ ನೋಡಲು ಬಿಡಬೇಕು ಎಂದು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಇದೆ. ಸ್ವಂತ ಲ್ಯಾಪ್‌ಟಾಪ್ ತರುವ ಹಾಗಿಲ್ಲ ಎಂದೂ ಅದರಲ್ಲೇ ಇದೆ. ಎರಡನೆಯದು ಮಾತ್ರ ಇವರಿಗೆ ಚೆನ್ನಾಗಿ ಗೊತ್ತು. "ನಿನ್ನ ಲ್ಯಾಪ್‌ಟಾಪ್ ನಡೆಯಲ್ಲ, ರೂಲ್ಸ್" ಎಂದು ಅವತ್ತೇ ಹೇಳಿದರು. ಹಾಗಾದರೆ ಮೊದಲನೆಯದು ರೂಲ್ಸ್ ಅಲ್ವಾ?

ಇವತ್ತಿನದು ಐಚ್ಛಿಕ ಕನ್ನಡ. ನನ್ನನ್ನು ಕೂರಿಸಿದ್ದು ಕಂಪ್ಯೂಟರ್ ಲ್ಯಾಬ್‌ನಲ್ಲಿ. ಅಲ್ಲಿ ಬಿಸಿಎ ಹುಡುಗರ ಪ್ರಾಕ್ಟಿಕಲ್ ಬೇರೆ ನಡೆಯುತ್ತಿತ್ತು. ಫೈಲ್ ತೆರೆದು ಓದಲು ಬಿಟ್ಟೆ. ಅರ್ಥವಿಲ್ಲದ ಸದ್ದು. ನಡುನಡುವೆ ಪೌಂಡ್, ಪೌಂಡ್. ತಕ್ಷಣ ಗೊತ್ತಾಯಿತು. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಆ ಫಾಂಟಿನಲ್ಲಿ ನೋಡುವವರಿಗೆ ಕನ್ನಡ ಕಾಣುತ್ತದೆ, ಒಳಗಿರುವುದು ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಓದುವ ಸಾಫ್ಟ್‌ವೇರಿಗೆ ಆಕಾರ ಕಾಣುವುದಿಲ್ಲ, ಒಳಗಿರುವುದಷ್ಟೇ ಸಿಗುತ್ತದೆ. "ಕನ್ನಡ" ಎಂಬ ಪದವನ್ನೇ ಪಿ, ಎ, ಪೌಂಡ್ ಎಂದು ಓದುತ್ತದೆ. ನನಗೆ ಈಗ ಬಾಯಿಪಾಠ ಆಗಿದೆ, ಪಿ ಬಂದರೆ ಕ, ಪೌಂಡ್ ಬಂದರೆ ನ. ನೋಟ್ಸ್ ಎಲ್ಲಾ ಹೀಗೇ ಬರುತ್ತವಲ್ಲ. ಬೇರೆ ದಾರಿ ಕಾಣದೆ ಬಾಣದ ಕೀ ಒತ್ತಿ ಒತ್ತಿ ಒಂದೊಂದೇ ಅಕ್ಷರ ಕೇಳಿಸಿಕೊಂಡು ಮೊದಲ ಪ್ರಶ್ನೆ ಬಿಡಿಸುತ್ತಾ ಕೂತೆ. ಅದಕ್ಕೇ ಹತ್ತು ನಿಮಿಷ ಹೋಗಿತ್ತು.

ಕೀ ಒತ್ತುತ್ತಲೇ ಇದ್ದೆನಲ್ಲ, ಅದೇ ಸರ್‌ಗೆ ಅನುಮಾನ. ಹಿಂದಿನಿಂದ ಬಂದರು. "ಏನ್ ಕೇಳ್ತಿದೀಯ ಅಷ್ಟೊತ್ತಿಂದ?" ಎನ್ನುತ್ತಲೇ ಪಿನ್ ಕಿತ್ತರು.

ಸ್ಪೀಕರ್ ಆನ್ ಇತ್ತು. ವಾಲ್ಯೂಮ್ ಪೂರ್ತಿ ಇತ್ತು. ನನ್ನ ಬೆರಳು ಇನ್ನೂ ಕೀ ಮೇಲೆಯೇ ಇತ್ತು. ಪಿ. ಎ. ಪೌಂಡ್. ಎ. ಇಡೀ ಲ್ಯಾಬಿಗೆ ಕೇಳಿಸಿತು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಹಿಂದಿನಿಂದ ಯಾರೋ ಒಬ್ಬ ಅದೇ ದನಿಯಲ್ಲಿ "ಪೌಂಡ್" ಎಂದ. ಅಷ್ಟೇ. ಎಲ್ಲರೂ ನಕ್ಕರು. ನನಗೆ ಮುಖ ಕಾಣುವುದಿಲ್ಲ, ಆದರೆ ನಗು ಯಾವ ಯಾವ ಕಡೆಯಿಂದ ಬಂತು ಎಂದು ಈಗಲೂ ತೋರಿಸಬಲ್ಲೆ. ಸರ್ ಕೂಡ ನಕ್ಕರು. "ನಿನ್ನ ಕಂಪ್ಯೂಟರ್‌ಗೇ ಕನ್ನಡ ಬರಲ್ವಲ್ಲಮ್ಮಾ" ಎಂದರು.

ನನ್ನ ಕಂಪ್ಯೂಟರ್! ಅದು ಕಾಲೇಜಿನದು. ಫೈಲ್ ಕಾಲೇಜಿನದು. ಟೈಪ್ ಮಾಡಿಸಿದ್ದು ಅವರ ಆಫೀಸು. ಇದನ್ನೆಲ್ಲ ಹೇಳಬೇಕಿತ್ತು. ಬಾಯಿಗೆ ಬಂದದ್ದು "ಸಾರಿ ಸರ್". ನಾನು ಯಾಕೆ ಸಾರಿ ಕೇಳಿದೆ? ಅದೇ ಇನ್ನೂ ಉರಿಯುತ್ತಿದೆ.

ಅಲ್ಲಿಗೂ ನಿಲ್ಲಿಸಲಿಲ್ಲ. "ಬಸ್ ಹತ್ತಿ ಒಬ್ಬಳೇ ಬರ್ತೀಯ. ಓದೋಕೆ ಮಾತ್ರ ಕಣ್ಣು ಕಾಣಲ್ವಾ?"

ಹೌದು ಸರ್, ಓದೋಕೆ ಮಾತ್ರ ಕಾಣಲ್ಲ. ನನ್ನ ಕಾಯಿಲೆಯೇ ಹಾಗೆ. ಸ್ಟಾರ್‌ಗಾರ್ಡ್ಟ್ ಎನ್ನುತ್ತಾರೆ. ರೆಟಿನಾದ ನಡುವೆ ಮ್ಯಾಕ್ಯುಲಾ ಎಂಬ ಸಣ್ಣ ಜಾಗ ಇದೆ, ಅದು ಹಾಳಾಗುತ್ತಾ ಹೋಗುತ್ತದೆ. ಅಕ್ಷರ ಓದುವುದು, ಮುಖ ಗುರುತಿಸುವುದು ಆ ಜಾಗದ ಕೆಲಸ. ಅಂಚಿನ ನೋಟ ಉಳಿದಿರುತ್ತದೆ, ಅದರಲ್ಲಿ ನಡೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ. ಬಸ್ಸಿನ ಬೋರ್ಡ್ ಓದಲು ಆಗಲ್ಲ, ಕಂಡಕ್ಟರ್ ಕೂಗುವುದನ್ನು ಕೇಳಿ ಹತ್ತುತ್ತೇನೆ. ಕನ್ನಡಕ ಹಾಕಿದರೆ ಸರಿಹೋಗುವುದಲ್ಲ ಇದು. ಒಂಬತ್ತನೇ ಕ್ಲಾಸಿನವರೆಗೆ ಎಲ್ಲರ ಹಾಗೆ ಪುಸ್ತಕ ಹಿಡಿದೇ ಓದಿದವಳು ನಾನು. ಬ್ರೈಲ್ ಕಲಿತಿಲ್ಲ. ನನಗಿರುವುದು ಕಿವಿ ಒಂದೇ.

ಕೊನೆಗೆ ಅಟೆಂಡರ್ ಅಣ್ಣನನ್ನು ಕರೆಸಿ ಪ್ರಶ್ನೆ ಓದಿಸಿದರು. ಪಾಪ, ಅವರದೇನೂ ತಪ್ಪಿಲ್ಲ. ವಚನದ ಸಾಲು ಓದುವಾಗ ತಡವರಿಸಿದರು. ಎರಡು ಸಲ ಕೇಳಿದೆ, ಮೂರನೇ ಸಲ ಕೇಳಲು ಮುಜುಗರವಾಯಿತು. ಕಂಪ್ಯೂಟರ್ ಯಾಕೆ ಬೇಕು, ಯಾರನ್ನಾದರೂ ಕೂರಿಸಿಕೊಂಡು ಓದಿಸಿಕೋ ಎನ್ನುವವರಿಗೆ ಇದು ಗೊತ್ತಾಗುವುದಿಲ್ಲ. ಎನ್‌ವಿಡಿಎ ಇದ್ದರೆ ಒಂದೇ ಸಾಲನ್ನು ಇಪ್ಪತ್ತು ಸಲ ಕೇಳುತ್ತೇನೆ, ನಿಧಾನ ಮಾಡಿಕೊಂಡು ಕೇಳುತ್ತೇನೆ, ಯಾರ ಮುಂದೆಯೂ ಸಂಕೋಚ ಪಡಬೇಕಾಗಿಲ್ಲ. ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚುವರಿ ಸಮಯ ಇದೆ ಎಂದು ನೆನಪಿಸಿದೆ. "ಬಿಸಿಎ ಅವರು ಮುಗಿಸಿದ ಮೇಲೆ ಲ್ಯಾಬ್ ಬೀಗ ಹಾಕಬೇಕಮ್ಮ" ಎಂದರು. ಎರಡು ಪ್ರಶ್ನೆ ಹಾಗೇ ಉಳಿಯಿತು.

ಬಿಡಿ, ಇನ್ನು ಕೇಳುವುದೇ ಬೇಡ. ನಾನು ಹೇಳಿದ್ದನ್ನು ಬರೆಯುವ ಸ್ಕ್ರೈಬ್ ತೆಗೆದುಕೊಂಡು, ಬಂದಷ್ಟು ಬರೆಸಿ, ಡಿಗ್ರಿ ಮುಗಿಸಿ ಸುಮ್ನೆ ಮನೆಯಲ್ಲಿರುತ್ತೇನೆ. ಅಮ್ಮನೂ ಅದನ್ನೇ ಹೇಳುತ್ತಾಳೆ, ಮೇಷ್ಟ್ರ ಹತ್ತಿರ ಜಗಳ ಬೇಡ ಎಂದು. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದು, ರಾತ್ರಿ ಹನ್ನೊಂದರವರೆಗೆ ನನಗೆ ನೋಟ್ಸ್ ಓದಿ ಹೇಳುವವಳು ಅವಳು. ಅವಳಿಗೂ ಸಾಕಾಗಿದೆ.

ಇಲ್ಲ, ಯಾಕೆ ಬಿಡಬೇಕು? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ. ನನ್ನಂಥವರ ಪರೀಕ್ಷೆಗೆ ಬೇಕಾದ ಬದಲಾವಣೆ ಮಾಡಿಕೊಡಬೇಕು ಎಂದು ಅದರ 17ನೇ ಸೆಕ್ಷನ್ ಹೇಳುತ್ತದೆ. ಕೇಳುತ್ತಿರುವುದೂ ದೊಡ್ಡದೇನಲ್ಲ. ನುಡಿಯಲ್ಲೇ ಯುನಿಕೋಡ್ ಇದೆ. ಕೀಲಿಮಣೆ ವಿನ್ಯಾಸವೂ ಅದೇ, ಕೆ.ಪಿ. ರಾವ್ ಅವರು ರೂಪಿಸಿದ್ದು. ಟೈಪ್ ಮಾಡುವ ಅಕ್ಕ ಹೊಸದಾಗಿ ಏನೂ ಕಲಿಯಬೇಕಾಗಿಲ್ಲ. ಮೊದಲೇ ಟೈಪ್ ಆಗಿದ್ದರೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಐದು ನಿಮಿಷದ ಕೆಲಸ. ಆ ಐದು ನಿಮಿಷಕ್ಕೆ ಜವಾಬ್ದಾರಿ ಯಾರು ಎಂದು ಹದಿನೈದು ದಿನದಿಂದ ಕೇಳುತ್ತಿದ್ದೇನೆ. ಸರ್ ಆಫೀಸಿಗೆ ಕೇಳು ಎಂದರು. ಆಫೀಸಿನವರು ಪ್ರಿನ್ಸಿಪಾಲರನ್ನು ಕೇಳು ಎಂದರು. ಪ್ರಿನ್ಸಿಪಾಲರು ವಿಭಾಗಕ್ಕೆ ಹೇಳಿದ್ದೇನಮ್ಮ ಎಂದರು. ಯಾರಾದರೂ ಒಬ್ಬರು, ಹೌದು ಇದು ನನ್ನ ಕೆಲಸ ಎಂದು ಹೇಳಿ. ಯಾರಾದರೂ.

ಶನಿವಾರ ಇಂಗ್ಲಿಷ್ ಪೇಪರ್. ಅದನ್ನು ಎನ್‌ವಿಡಿಎ ತೊಂದರೆ ಇಲ್ಲದೆ ಓದುತ್ತದೆ. ಬುಧವಾರ ಇತಿಹಾಸ, ಕನ್ನಡ ಮಾಧ್ಯಮ. ಅದನ್ನೂ ಅದೇ ಫಾಂಟಿನಲ್ಲೇ ಟೈಪ್ ಮಾಡಿ ಮುಗಿಸಿದ್ದಾರಂತೆ. ನಾಳೆ ಬೆಳಿಗ್ಗೆ ಇನ್ನೊಂದು ಅರ್ಜಿ ಹಿಡಿದುಕೊಂಡು ಹೋಗುತ್ತೇನೆ. ಯಾರ ಹೆಸರಿಗೆ ಬರೆಯಲಿ, ಹೇಳಿ.