ಅಕ್ಕತಂಗಿಯರ ಕಥೆಯಲ್ಲಿ ಕವರೇ ಇಲ್ಲ

ನನ್ನ ಮೆಚ್ಚಿನ ಲೇಖಕಿಯ ಹೊಸ ಕಾದಂಬರಿಯನ್ನು ಮೂರು ರಾತ್ರಿ ಕೂತು ಓದಿ ಮುಗಿಸಿದೆ. ತುಂಬ ಬೇಸರವಾಗಿದೆ. ಕಾಲೇಜಿನ ದಿನಗಳಿಂದ ಈ ಲೇಖಕಿಯ ಒಂದು ಪುಸ್ತಕವನ್ನೂ ಬಿಟ್ಟವಳಲ್ಲ ನಾನು. ಈ ಸಲ ಕಾಸರಗೋಡಿನ ನಮ್ಮ ಕುಂಬಳೆ ಕಡೆಯ ಗುತ್ತಿನ ಮನೆಯ, ಅಂದರೆ ಬಂಟರ ದೊಡ್ಡ ಮನೆತನದ, ಅಕ್ಕತಂಗಿಯರ ಕಥೆ, 1940ರಿಂದ 1956ರವರೆಗಿನದು ಅಂತ ಗೊತ್ತಾದಾಗ ಮಂಗಳೂರಿಗೇ ಹೋಗಿ ತಂದಿದ್ದೆ.

ಕಾದಂಬರಿಯಲ್ಲಿ ಅಕ್ಕನ ಗಂಡ ತೀರಿಹೋಗುತ್ತಾನೆ. ಅವಳು ಗಂಡನ ಮನೆಯ ಕತ್ತಲೆ ಕೋಣೆ ಸೇರಿ, ಮೈದುನನ ಮುಂದೆ ಅನ್ನಕ್ಕೆ ಕೈಯೊಡ್ಡುತ್ತಾಳೆ. ನಲವತ್ತು ಪುಟ ಅದೇ ಅಳು. ಅಳಿಯಕಟ್ಟು, ಅಂದರೆ ವಂಶವೂ ಆಸ್ತಿಯೂ ಹೆಣ್ಣಿನ ಕಡೆಯಿಂದ ಸಾಗುವ ಅಳಿಯಸಂತಾನ ಪದ್ಧತಿಯ ಬಂಟರ ಮನೆಯ ಹೆಣ್ಣು ಹೀಗೆ ಯಾಕೆ ಕೂರುತ್ತಾಳೆ? ಮಕ್ಕಳ ಕೈ ಹಿಡಿದು ತಾಯಿಮನೆಗೆ ಬರುತ್ತಾಳೆ, ಅದು ಅವಳ ಹಕ್ಕು. ಯಜಮಾನಿಕೆ ಸೋದರಮಾವನದೋ ಅಣ್ಣನದೋ ಇರಬಹುದು, ಸಂತಾನ ಮುಂದುವರಿಯುವುದು ಅವಳಿಂದ. ಅಲ್ಲಿ ಹೆಂಗಸರು ಸುಖವಾಗಿದ್ದರು ಅಂತಲ್ಲ. ಯಜಮಾನ ಮಾವನ ಕೈಕೆಳಗೆ ನಮ್ಮಜ್ಜಿ ಪಟ್ಟ ಪಾಡು ಕೇಳಿ ಬೆಳೆದವಳು ನಾನು. ಆದರೆ ಆ ನೋವಿನ ದಾರಿಯೇ ಬೇರೆ.

1949ರ ಮದರಾಸು ಅಳಿಯಸಂತಾನ ಕಾಯ್ದೆ ಬಂದು, ಕೂಡುಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಕವರಿಗೆ ಸಿಕ್ಕಿತು. ಕವರು ಅಂದರೆ ಒಬ್ಬ ಹೆಣ್ಣು, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು. ನಮ್ಮಜ್ಜಿಯದು ಒಂದು ಕವರು, ಅವರ ಅಕ್ಕನದು ಇನ್ನೊಂದು. ಗದ್ದೆ ಪಾಲಾದ ಮೇಲೆ ಇಬ್ಬರೂ ಆರು ವರ್ಷ ಮಾತಾಡಲಿಲ್ಲ. ದೈವದ ನೇಮದ ದಿನ ಮಾತ್ರ ಒಂದೇ ಒಲೆಯ ಮುಂದೆ ಅಡುಗೆಗೆ ನಿಲ್ಲುತ್ತಿದ್ದರಂತೆ, ಉಪ್ಪು ಬೇಕಾದರೆ ಮಕ್ಕಳ ಹತ್ತಿರ ಹೇಳಿಸುತ್ತಿದ್ದರಂತೆ. ಇಂಥ ಕಥೆ ನಮ್ಮೂರಿನ ಎಷ್ಟು ಮನೆಗಳಲ್ಲಿಲ್ಲ! ಅದನ್ನೆಲ್ಲ ಬಿಟ್ಟು ಲೇಖಕಿ ಇಬ್ಬರ ನಡುವೆ ಒಬ್ಬ ಚೆಲುವ ಮೇಷ್ಟ್ರನ್ನು ತಂದು ನಿಲ್ಲಿಸಿದ್ದಾರೆ.

ಮಾತೂ ಮೈಸೂರಿನದು. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ಜನ ನಾವು. ಒಂದು ಸಲವಾದರೂ ಅಕ್ಕ ತಂಗಿಗೆ ತುಳುವಿನಲ್ಲಿ ‘ತಂಗಡಿ’ ಅನ್ನಬಾರದಿತ್ತೇ?

ಹೆಚ್ಚು ನೋಯಿಸಿದ್ದು ಕೊನೆ. ತಂಗಿಯನ್ನು ಕೊಟ್ಟದ್ದು ಈಗಿನ ಗಡಿಯಾದ ತಲಪಾಡಿಯ ಆಚೆ, ಮಂಗಳೂರು ಕಡೆಗೆ; ಅಕ್ಕ ಈಚೆ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿ ಒಂದೇ ತಾಯಿಯ ಮಕ್ಕಳು ಎರಡು ರಾಜ್ಯದವರಾದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಜೀವಮಾನವಿಡೀ ಹೊತ್ತು ತಿರುಗಿದ ಆ ಸಂಕಟ ಇಲ್ಲಿ ಒಂದೂವರೆ ಪುಟದಲ್ಲಿ, ಒಂದು ರೇಡಿಯೋ ಸುದ್ದಿಯಲ್ಲಿ ಮುಗಿದುಹೋಗುತ್ತದೆ.

ಒಂದು ಅಧ್ಯಾಯ ಮಾತ್ರ ನನ್ನ ಹಳೆಯ ಲೇಖಕಿಯದೇ. ಕುಚ್ಚಲಕ್ಕಿಗೆ ಭತ್ತ ಬೇಯಿಸುವ ರಾತ್ರಿ, ಹಂಡೆಯ ಹಬೆಯಲ್ಲಿ ಅಕ್ಕತಂಗಿಯರ ಮುಖ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ, ಆಗ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ನಿನ್ನೆ ಅದನ್ನು ಅಮ್ಮನಿಗೆ ಓದಿ ಹೇಳಿದೆ. “ಹೀಗೇ ಇತ್ತು, ಮುಂದೆ ಓದು” ಅಂದರು. ನಾನು ಪುಸ್ತಕ ಮುಚ್ಚಿಟ್ಟೆ.