ಅಂಗೈಯಲ್ಲಿ ಅರಮನೆ

ಒಬ್ಬರೋ ಇಬ್ಬರೋ ಸೇರಿ ಗೇಮ್ ಕಟ್ಟುವ ಇಂಡಿ ಡೆವಲಪರ್‌ಗಳ ಉದ್ಧಾರವು ಕೈಯಲ್ಲಿ ಹಿಡಿದು ಆಡುವ ಕನ್ಸೋಲ್‌ಗಳಿಂದಲೇ ಎಂಬುದನ್ನು ತಜ್ಞರು 2017ರಲ್ಲಿ ನಿಂಟೆಂಡೊ ಸ್ವಿಚ್ ಬಂದಾಗ ಸಾರಿದರು, 2022ರಲ್ಲಿ ಸ್ಟೀಮ್ ಡೆಕ್ ಬಂದಾಗ ಮತ್ತೆ ಸಾರಿದರು. ಸಾಕ್ಷಿ ಹೇಳಲು ಪ್ರತಿ ಸಲವೂ ಒಬ್ಬನೇ ಕೂತು ರೂಪಿಸಿದ ಸ್ಟಾರ್‌ಡ್ಯೂ ವ್ಯಾಲಿ ಎಂಬ ಗೇಮನ್ನು ಕರೆತರಲಾಗುತ್ತದೆ. ಅದು ದಣಿದಾಗ ಅಂಥದೇ ಇನ್ನೊಂದು ಗೇಮ್ ಬಲಾಟ್ರೋ ಕಟಕಟೆ ಏರುತ್ತದೆ. 2024ರಲ್ಲಿ ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್ ಒಂದರಲ್ಲೇ ಬಿಡುಗಡೆಯಾದ ಹದಿನೆಂಟು ಸಾವಿರಕ್ಕೂ ಹೆಚ್ಚು ಗೇಮ್‌ಗಳ ಪೈಕಿ ಉಳಿದವುಗಳ ಹೇಳಿಕೆಯನ್ನು ಪಡೆಯುವ ಪದ್ಧತಿ ಇಲ್ಲ.

ಡೆಕ್‌ಗೆ ಯೋಗ್ಯವೆಂಬ ಹಸಿರು ಗುರುತು ಬೇಕಾದರೆ, ಅದರ ಪರದೆಯ ಮೇಲೆ ಯಾವ ಅಕ್ಷರವೂ 9 ಪಿಕ್ಸೆಲ್‌ಗಿಂತ ಗಿಡ್ಡವಾಗಿರಕೂಡದು. ಅಕ್ಷರ ಕಾಣಬೇಕೆಂಬ ಈ ಕಾಳಜಿ ಶ್ಲಾಘನೀಯ. ಗೇಮ್ ಕಾಣಬೇಕೆಂಬ ನಿಯಮವನ್ನು ಮಾತ್ರ ಯಾರೂ ಮಾಡಿಲ್ಲ. 2025ರ ಸೆಪ್ಟೆಂಬರ್ 4ಕ್ಕೆ, ಜನ ವರ್ಷಗಳಿಂದ ಕಾದಿದ್ದ ಹಾಲೋ ನೈಟ್: ಸಿಲ್ಕ್‌ಸಾಂಗ್ ಗೇಮ್ ಬರುತ್ತದೆಂದು ಎರಡು ವಾರ ಮೊದಲಷ್ಟೇ ಪ್ರಕಟವಾದಾಗ, ಹಲವು ಸಣ್ಣ ತಂಡಗಳು ತಮ್ಮ ಬಿಡುಗಡೆಯ ದಿನಾಂಕಗಳನ್ನು ಎತ್ತಿಕೊಂಡು ದಿಕ್ಕಾಪಾಲಾದವು. ಅದೂ ಇಂಡಿ ಗೇಮೇ.

ಇನ್ನು ಲೆಕ್ಕಾಚಾರ. ಸ್ಟೀಮ್‌ನಲ್ಲಿ ಒಂದು ಗೇಮ್ ಇಡಲು 100 ಡಾಲರ್ ಶುಲ್ಕ, ಮಾರಿದ್ದರಲ್ಲಿ ಶೇ 30ರಷ್ಟು ಕಮಿಷನ್. ಇದು ದುಬಾರಿಯೆಂಬ ಗೊಣಗಾಟವನ್ನು ಕರುಣೆಯಿಂದ ಆಲಿಸಿದ ಅಂಗಡಿಯವರು 2018ರಲ್ಲಿ ರಿಯಾಯಿತಿ ಘೋಷಿಸಿದರು: ಒಂದು ಕೋಟಿ ಡಾಲರ್ ದಾಟಿದ ಮೇಲಿನ ವಹಿವಾಟಿಗೆ ಶೇ 25, ಐದು ಕೋಟಿ ದಾಟಿದರೆ ಶೇ 20. ಇನ್ನೂರು ಪ್ರತಿ ಮಾರಿದವನು ಈ ರಿಯಾಯಿತಿಗೆ ಅರ್ಹನಾಗಲು ತುಸು ಹೆಚ್ಚು ಶ್ರಮಿಸಿದರಾಯಿತು.

ಗಿರಾಕಿಯಂತೂ ಗೇಮನ್ನು ವಿಶ್‌ಲಿಸ್ಟ್‌ಗೆ ಹಾಕಿ ಸೇಲ್‌ಗಾಗಿ ಕಾಯುತ್ತಾನೆ. ಹದಿನೈದು ಡಾಲರ್‌ನ ಗೇಮ್ ಶೇ 80ರ ಕಡಿತದಲ್ಲಿ ಮೂರು ಡಾಲರ್‌ಗೆ ಇಳಿದಾಗ, ಕಮಿಷನ್ ಕಳೆದು ಉಳಿಯುವುದು ಎರಡು ಡಾಲರ್ ಹತ್ತು ಸೆಂಟ್. ತೆರಿಗೆ, ಪಬ್ಲಿಷರ್, ಗೇಮನ್ನು ಬೇರೆ ಯಂತ್ರಕ್ಕೆ ಒಗ್ಗಿಸಿಕೊಟ್ಟವರು ಎಲ್ಲರೂ ತಮ್ಮ ಪಾಲಿಗೆ ಕೈಯೊಡ್ಡುವುದು ಇದರೆದುರೇ.

ಸಣ್ಣ ಯಂತ್ರಕ್ಕೆ ಸಣ್ಣ ಗೇಮ್ ಒಪ್ಪುತ್ತದೆ, ಬಸ್ಸಿನಲ್ಲಿ ಕೂತು ಆಡಿ ಮುಗಿಸುವಂತಿರಲಿ ಎಂಬುದು ತಜ್ಞರ ಮತ್ತೊಂದು ಸಲಹೆ. ಖರೀದಿಸಿದ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಸ್ಟೀಮ್ ಹಣ ವಾಪಸ್ ಕೊಡುತ್ತದೆ. ಆದ್ದರಿಂದ ಈ ಸಲಹೆಯನ್ನು ಶಿರಸಾವಹಿಸಿ ಒಂದೂವರೆ ಗಂಟೆಯ ಅಚ್ಚುಕಟ್ಟಾದ ಗೇಮ್ ಮಾಡಿದವನು, ಅದನ್ನು ಕೊನೆಯವರೆಗೆ ಆಡಿ, ಮೆಚ್ಚಿ, ಅಂತ್ಯ ಬಹಳ ಚೆನ್ನಾಗಿದೆಯೆಂದು ವಿಮರ್ಶೆಯನ್ನೂ ಬರೆದ ಗಿರಾಕಿಗೆ ದುಡ್ಡು ಮರಳಿಸಲು ತಯಾರಿರಬೇಕಾಗುತ್ತದೆ.